ಕುರೊಕಾವಾ, ನ್ಯೂಟೊ: ಬಿಸಿನೀರ ಬುಗ್ಗೆಗೆ ಯಾವುದು ಲೇಸು?

ಎರಡೂ ಕಡೆ ಉಳಿದು, ಮಿಂದು ನೋಡಿದವರಾಗಿ ಮೊದಲೇ ಹೇಳಿಬಿಡುತ್ತೇವೆ: ಕೈಯಲ್ಲಿ ಒಂದೇ ರಾತ್ರಿ ಇದ್ದರೆ ಜಪಾನಿನ ಕ್ಯೂಶೂ ದ್ವೀಪದ ಕುರೊಕಾವಾ, ಎರಡಿದ್ದರೆ ಉತ್ತರದ ಅಕಿತಾ ಪ್ರಾಂತ್ಯದ ನ್ಯೂಟೊ.

ವ್ಯತ್ಯಾಸವೆಲ್ಲ ಸ್ನಾನದ ಪಾಸಿನಲ್ಲಿದೆ. ಕುರೊಕಾವಾದಲ್ಲಿ ಕೊಡುವುದು ಮರದ ದುಂಡು ಬಿಲ್ಲೆ, 1986ರಿಂದ ಬಂದ ಪದ್ಧತಿ. ಒಂದು ಬಿಲ್ಲೆಗೆ ಮೂರು ರ್ಯೊಕಾನ್‌ಗಳ (ಜಪಾನೀ ಶೈಲಿಯ ವಸತಿಗಳ) ಬಯಲು ಕೊಳ, ಆರು ತಿಂಗಳ ವಾಯಿದೆ. ಊರಲ್ಲಿ ತಂಗದವರೂ ಕೊಳ್ಳಬಹುದು. ರ್ಯೊಕಾನ್‌ಗಳು ಹೆಚ್ಚಾಗಿ ಹೊಳೆಯ ದಂಡೆಯಲ್ಲೇ ಇವೆ, ನಡೆದೇ ಸುತ್ತಬಹುದು.

ನ್ಯೂಟೊದ ಪಾಸು ಅಲ್ಲಿನ ಏಳು ವಸತಿಗಳಲ್ಲಿ ಒಂದರಲ್ಲಿ ತಂಗಿದವರಿಗೆ ಮಾತ್ರ. ಏಳೂ ಕಡೆ ಒಂದೊಂದು ಸಲ ಮೀಯಬಹುದು. ತೊಡಕಿರುವುದು ಹೊತ್ತಿನದು: ಏಳರಲ್ಲಿ ಪ್ರಸಿದ್ಧವಾದ ತ್ಸುರುನೊಯುದಲ್ಲಿ, ಅಲ್ಲಿ ತಂಗದವರಿಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗಷ್ಟೇ ಪ್ರವೇಶ, ಸೋಮವಾರ ಬಯಲು ಕೊಳ ತೊಳೆಯುವ ದಿನ. ಕೋಣೆಯ ಚೆಕ್‌ಇನ್ ಕೂಡ ಸುಮಾರು 3ಕ್ಕೇ. ಹಾಗಾಗಿ ಬಂದ ದಿನ ಪಾಸು ಹೆಚ್ಚುಕಡಿಮೆ ವ್ಯರ್ಥ. ಮರುದಿನ ಪೂರ್ತಿ ಬೇಕು. ಏಳರಲ್ಲಿ ಇನ್ನೊಂದಾದ ಕುರೊಯು ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ.

ನೀರಿನ ಮಾತಿಗೆ ಬಂದರೆ ನ್ಯೂಟೊ ಗೆಲ್ಲುತ್ತದೆ. ತ್ಸುರುನೊಯುವಿನ ಗಂಧಕದ ನೀರು ತೆಳು ಮಜ್ಜಿಗೆಯ ಹಾಗೆ ಬೆಳ್ಳಗೆ; ಗಂಡಸರು ಹೆಂಗಸರು ಕೂಡಿ ಇಳಿಯುವ ಕೊಳದಲ್ಲೂ ಕತ್ತಿನ ಕೆಳಗೆ ಏನೂ ಕಾಣದು. ಹೆಂಗಸರಿಗೆ ಬೇರೆ ಕೊಳವೂ ಉಂಟು. ಬೆಳ್ಳಿ ಕಾಲುಂಗುರ ತೆಗೆದಿಡಿ, ಗಂಧಕಕ್ಕೆ ಕಪ್ಪಾಗುತ್ತದೆ. ಎಲ್ಲಿಯೇ ಆಗಲಿ, ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಕೊಳಕ್ಕೆ ಇಳಿಯಬೇಕು. ಸಣ್ಣ ಟವೆಲ್ ತಲೆಯ ಮೇಲಿರಲಿ, ನೀರಿಗೆ ಅದ್ದಬಾರದು.

ಸಸ್ಯಾಹಾರಿಗಳಿಗೆ ಎರಡೂ ಕಷ್ಟವೇ. ತರಕಾರಿ ಸಾರಿಗೂ ಒಣಮೀನಿನ ರಸ, ಅಂದರೆ 'ದಾಶಿ', ಬೀಳುತ್ತದೆ. 'ಮಾಂಸ ಬೇಡ' ಎಂದರೆ ಮೀನು ಬಂದೇ ಬರುತ್ತದೆ. ಬುಕಿಂಗ್ ಮಾಡುವಾಗಲೇ 'ಮಾಂಸ, ಮೀನು, ದಾಶಿ ಬೇಡ' ಎಂದು ಜಪಾನೀಸಿನಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಹೋದ ಮೇಲೆ ಹೇಳಿದರೆ ಅನ್ನ, ಉಪ್ಪಿನಕಾಯಿಯೇ ಗತಿ. ರಾತ್ರಿಯೂಟ 6ರ ಆಸುಪಾಸಿಗೆ, ತಡವಾದರೆ ತಪ್ಪಿತೆಂದೇ ಲೆಕ್ಕ.

ಸುತ್ತಾಟಕ್ಕೆ ಕುರೊಕಾವಾದ ಹತ್ತಿರ ಅಸೊ ಜ್ವಾಲಾಮುಖಿ, ಆದರೆ ವಿಷಾನಿಲ ಹೆಚ್ಚಿದ ದಿನ ಕುಂಡದ ದಾರಿ ಮುಚ್ಚುತ್ತಾರೆ. ನ್ಯೂಟೊ ಕಡೆ 423 ಮೀಟರ್ ಆಳದ ತಜಾವಾ ಸರೋವರ, ಕಾಕುನೊದಾತೆಯ ಸಮುರಾಯ್ ಬೀದಿ: ಇವು ಹೆಚ್ಚು ನೆಚ್ಚಬಹುದಾದವು.

ಕುರೊಕಾವಾಕ್ಕೆ ರೈಲಿಲ್ಲ, ಫುಕುಒಕಾದಿಂದ ಸುಮಾರು ಮೂರು ಗಂಟೆಯ ಬಸ್ಸಿಗೆ ಸೀಟು ಮೊದಲೇ ಕಾದಿರಿಸಿ. ನ್ಯೂಟೊಗೆ ಟೋಕಿಯೊದಿಂದ ತಜಾವಾಕೊ ನಿಲ್ದಾಣದವರೆಗೆ ಶಿಂಕಾನ್ಸೆನ್ (ಬುಲೆಟ್ ರೈಲು), ಅಲ್ಲಿಂದ ಮುಕ್ಕಾಲು ಗಂಟೆಯಷ್ಟು ಬಸ್ಸು. ತ್ಸುರುನೊಯುದಲ್ಲಿ ತಂಗುವವರು ಕೊನೆಯವರೆಗೆ ಹೋಗದೆ 'ಅರುಪಾ ಕೊಮಾಕುಸಾ'ದಲ್ಲಿ ಇಳಿಯಬೇಕು; ಕರೆದೊಯ್ಯುವ ವ್ಯಾನಿಗೆ ಮುಂಚೆಯೇ ಹೇಳಿರಿ.