ಕಿವಿಯ ಅಚ್ಚು ತೆಗೆಸಿ ಮಾಡಿಸಿದ ಇಯರ್‌ಫೋನ್ ಮೋಲ್ಡ್: ಆಗಾಗ ಊರು ಬಿಟ್ಟು ಓಡಾಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಬಸ್ಸು, ರೈಲು, ವಿಮಾನ ಅಂತ ಆಗಾಗ ಓಡಾಡುವವರು ನೀವಾಗಿದ್ದು, ಕೈಯಲ್ಲಿ ಹತ್ತು ಸಾವಿರದೊಳಗೆ ದುಡ್ಡು ಇದ್ದರೆ, ಇಡೀ ಇಯರ್‌ಫೋನನ್ನೇ ಕಿವಿಯ ಅಚ್ಚಿನಲ್ಲಿ ಮಾಡಿಸುವ ದಾರಿಗೆ ಹೋಗಬೇಡಿ. ಒಂದು ಒಳ್ಳೆಯ ಸಾಧಾರಣ ವೈರ್ ಇಯರ್‌ಫೋನ್ ತೆಗೆದುಕೊಳ್ಳಿ. ಅದರ ತುದಿಯ ರಬ್ಬರ್ ತೆಗೆದು, ಆ ಜಾಗಕ್ಕೆ ನಿಮ್ಮ ಕಿವಿಯ ಅಚ್ಚಿನ ಮೆದು ಸಿಲಿಕೋನ್ ಮೋಲ್ಡ್ ಮಾಡಿಸಿ. ನಾನು ಮಾಡಿಸಿದ್ದು ಅದನ್ನೇ. ಮಂಗಳೂರಲ್ಲೇ, ಹಿಯರಿಂಗ್ ಏಡ್ ಕೊಡುವ ಒಂದು ಕ್ಲಿನಿಕ್‌ನಲ್ಲಿ. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಪೂರ್ತಿ ಕಸ್ಟಮ್, ಅಂದರೆ ಇಡೀ ಇಯರ್‌ಫೋನನ್ನೇ ಕಿವಿಯ ಅಚ್ಚಿನಲ್ಲಿ ಮಾಡಿಸುವುದು, ಯಾಕೆ ಬೇಡ ಅಂದೆ? ಅದು ವೇದಿಕೆ ಮೇಲೆ ಹಾಡುವವರಿಗೆ, ಬಾರಿಸುವವರಿಗೆ ಅಂತ ಬೆಳೆದ ಸಾಮಾನು. ದೊಡ್ಡ ಹೆಸರಿನ ವಿದೇಶಿ ಕಂಪನಿಗಳ ಮೇಲ್ದರ್ಜೆಯ ಮಾಡೆಲ್‌ಗಳು ಲಕ್ಷ ರೂಪಾಯಿ ದಾಟುತ್ತವೆ. ಅಗ್ಗದ್ದು ಹುಡುಕಿದರೂ ಅಚ್ಚನ್ನು ಕೊರಿಯರ್ ಮಾಡಬೇಕು, ಮಾಲು ವಿದೇಶದಿಂದ ಬಂದರೆ ಕಸ್ಟಮ್ಸ್ ಸುಂಕ ಬೇರೆ. ಕೂಡಿ ಬರಲಿಲ್ಲ ಅಂದರೆ ಮತ್ತೆ ಕಳಿಸಬೇಕು. ಮಾರುತ್ತೇನೆ ಅಂದರೂ ಆಗುವುದಿಲ್ಲ, ನಿಮ್ಮ ಕಿವಿಗೆ ಬಿಟ್ಟು ಬೇರೆಯವರಿಗೆ ಅದು ಹಿಡಿಸುವುದೇ ಇಲ್ಲ ಅಲ್ವಾ. ಮೋಲ್ಡ್ ಆದರೆ ಹಾಗಲ್ಲ. ಇಯರ್‌ಫೋನ್ ಕೆಟ್ಟರೆ ಅಷ್ಟೇ ದಪ್ಪ ತುದಿಯ ಇನ್ನೊಂದು ತಂದು ಅದೇ ಮೋಲ್ಡ್‌ಗೆ ಹಾಕಬಹುದು.

ಪ್ರಯಾಣಿಕರಾಗಿ ನಾವು ದುಡ್ಡು ಕೊಡುವುದು ಹಾಡಿನ ಚೆಂದಕ್ಕಿಂತ ಮೊದಲು ಕಿವಿಯ ಬಾಗಿಲು ಸರಿಯಾಗಿ ಮುಚ್ಚಲಿ ಅಂತ. ಬಾಗಿಲು ಮುಚ್ಚದಿದ್ದರೆ ಎಷ್ಟು ದುಬಾರಿ ಇಯರ್‌ಫೋನ್ ಆದರೂ ಬೇಸ್, ಅಂದರೆ ಹಾಡಿನ ತಗ್ಗು ಸ್ವರ, ಸೋರಿಹೋಗುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ, ಆಗ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ನನಗೆ ನಿಜವಾಗಿ ಹೆದರಿಕೆ ಇರುವುದು ಇದರ ಬಗ್ಗೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಷ್ ಸಂಸ್ಥೆ ಇಟ್ಟಿರುವ ಮಿತಿ 85 ಡೆಸಿಬಲ್, ಅದೂ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ ಆಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ವಿಮಾನದ ಒಳಗೇ ಹಾರಾಟದ ಸದ್ದು 80ರ ಆಸುಪಾಸು ಇರುತ್ತದೆ. ಅದರ ಮೇಲೆ ಹಾಡು ಕೇಳಬೇಕು ಅಂತ ಇನ್ನಷ್ಟು ಏರಿಸಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಹೊರಗಿನ ಸದ್ದನ್ನೇ ಕಡಿಮೆ ಮಾಡಿದರೆ ಮೆಲ್ಲಗೆ ಇಟ್ಟರೂ ಕೇಳುತ್ತದೆ. ಈಗ ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ನಾನು ಮನೆಯಲ್ಲಿ ಇಡುವಷ್ಟೇ ವಾಲ್ಯೂಮ್ ಇಡುತ್ತೇನೆ.

ಅಚ್ಚು ತೆಗೆಸುವ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕೆಲಸ ಸರಿ ಬರುವುದೂ ಕೆಡುವುದೂ ಅಲ್ಲೇ. ನಮ್ಮ ಕಡೆಯವರಿಗೆ ಒಂದು ಅನುಕೂಲ ಉಂಟು. ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ಮಣಿಪಾಲ, ಈ ಕಾಲೇಜುಗಳಲ್ಲೆಲ್ಲ ಆಡಿಯಾಲಜಿ, ಅಂದರೆ ಕಿವಿ ಕೇಳುವುದಕ್ಕೆ ಸಂಬಂಧಿಸಿದ ವಿದ್ಯೆ, ಕಲಿಸುತ್ತಾರೆ. ಹಾಗಾಗಿ ಕಲಿತ ಆಡಿಯಾಲಜಿಸ್ಟ್‌ಗಳಿಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬರ ಇಲ್ಲ. ಹಿಯರಿಂಗ್ ಏಡ್‌ಗೆ ಮೋಲ್ಡ್ ಮಾಡುವುದು ಅವರ ದಿನನಿತ್ಯದ ಕೆಲಸ. ಇಯರ್‌ಫೋನ್‌ಗೆ ಮಾಡಿಕೊಡುತ್ತೀರಾ ಅಂತ ಫೋನಲ್ಲೇ ಕೇಳಿ. ಕೆಲವರು ಇಲ್ಲ ಅನ್ನುತ್ತಾರೆ, ಕೆಲವರು ಇಯರ್‌ಫೋನ್ ಹಿಡಿದುಕೊಂಡು ಬನ್ನಿ, ನೋಡುವಾ ಅನ್ನುತ್ತಾರೆ. ನೀವು ಹೋಗಬೇಕಾದ್ದು ಎರಡನೆಯವರ ಹತ್ತಿರ.

ನಾನು ಹೋದ ಕಡೆ ಮೇಡಂ ಮೊದಲು ದೀಪ ಬಿಟ್ಟು ಕಿವಿ ಒಳಗೆ ನೋಡಿದರು. ಗುಗ್ಗೆ ಇದ್ದರೆ ಅಚ್ಚು ತೆಗೆಯುವುದಿಲ್ಲ, ಇಎನ್‌ಟಿ ಡಾಕ್ಟರ ಹತ್ತಿರ ಕ್ಲೀನ್ ಮಾಡಿಸಿ ಬನ್ನಿ ಅನ್ನುತ್ತಾರೆ. ಕಿವಿ ತಮಟೆಯಲ್ಲಿ ತೂತು ಇರುವವರು, ಕಿವಿ ಸೋರುವವರು ಕೂಡ ಮೊದಲು ಡಾಕ್ಟರನ್ನೇ ಕಾಣಬೇಕು. ಆಮೇಲೆ ನೂಲು ಕಟ್ಟಿದ ಒಂದು ಸಣ್ಣ ಸ್ಪಂಜನ್ನು ಒಳಗೆ ತಳ್ಳುತ್ತಾರೆ. ಅಚ್ಚಿನ ವಸ್ತು ತಮಟೆಗೆ ತಾಗದ ಹಾಗೆ ತಡೆಯುವುದು ಅದೇ. ಸ್ಪಂಜು ಇಲ್ಲದೆ ಅಚ್ಚು ತೆಗೆಯಲು ಹೊರಟರೆ ಕುರ್ಚಿಯಿಂದ ಎದ್ದು ಬನ್ನಿ, ತಮಾಷೆಯ ಮಾತಲ್ಲ ಇದು. ಮತ್ತೆ ಎರಡು ಬಣ್ಣದ ಸಿಲಿಕೋನ್ ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ಸಿರಿಂಜಿನಲ್ಲಿ ತುಂಬಿ ಕಿವಿಗೆ ಬಿಡುತ್ತಾರೆ. ತಣ್ಣಗೆ ಆಗುತ್ತದೆ, ಕಿವಿ ಗಪ್ ಅನ್ನುತ್ತದೆ. ನೋವಿಲ್ಲ. ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಎಳೆದು ತೆಗೆಯುತ್ತಾರೆ.

ಎರಡು ಮಾತು ನೀವೇ ಬಾಯಿಬಿಟ್ಟು ಹೇಳಬೇಕು. ಒಂದು, ಕಿವಿ ಕಾಲುವೆಯಲ್ಲಿ ಎರಡು ತಿರುವು ಇರುತ್ತದೆ, ಎರಡನೇ ತಿರುವು ದಾಟುವವರೆಗೆ ಅಚ್ಚು ಬೇಕು. ಗಿಡ್ಡ ಅಚ್ಚಿನ ಮೋಲ್ಡ್ ಹಾಕಿದರೆ ಸದ್ದೂ ಸರಿ ನಿಲ್ಲುವುದಿಲ್ಲ, ನಮ್ಮದೇ ಮಾತು, ಜಗಿಯುವ ಸದ್ದು ತಲೆಯೊಳಗೆ ಗುಂಯ್ ಅನ್ನುವುದೂ ಜಾಸ್ತಿ. ಇನ್ನೊಂದು, ಅಚ್ಚು ಗಟ್ಟಿಯಾಗುವಾಗ ಬಾಯಿ ತೆರೆದಿರಬೇಕು. ಹಲ್ಲಿನ ನಡುವೆ ಕಚ್ಚಲು ಒಂದು ಸಣ್ಣ ತುಂಡು ಕೊಡುತ್ತಾರೆ. ದವಡೆ ಅಲ್ಲಾಡಿದಾಗ ಕಿವಿ ಕಾಲುವೆಯ ಆಕಾರ ಬದಲಾಗುತ್ತದೆ, ಬಾಯಿ ಮುಚ್ಚಿ ತೆಗೆದ ಅಚ್ಚಿನ ಮೋಲ್ಡ್ ಏನಾದರೂ ತಿನ್ನುವಾಗ ಸಡಿಲ ಆಗುತ್ತದೆ. ನನ್ನ ಎಡಗಿವಿಯದ್ದು ಮೊದಲ ಸಲ ಹಾಗೇ ಬಂದಿತ್ತು. ಚಕ್ಕುಲಿ ಕಡಿದರೆ ಸಾಕು, ಗಾಳಿ ಒಳಗೆ ಬಂದು ಬೇಸ್ ಮಾಯ. ಹೇಳಿದ ಕೂಡಲೇ ಇನ್ನೊಮ್ಮೆ ಅಚ್ಚು ತೆಗೆದು, ಬೇರೆ ದುಡ್ಡು ಕೇಳದೆ ಮಾಡಿಕೊಟ್ಟರು. ಆದರೆ ಮೇಡಂ ಹೇಳಿದ್ದು ನೆನಪಿಡಿ: "ಸರ್, ಸರಿ ಆಗದಿದ್ದರೆ ಬೇಗ ಬನ್ನಿ, ಸುಮ್ನೆ ಅಭ್ಯಾಸ ಆಗ್ತದೆ ಅಂತ ಕಾಯ್ಬೇಡಿ."

ವಸ್ತು ಯಾವುದು ಅಂತ ಕೇಳುತ್ತಾರೆ, ಗಟ್ಟಿ ಆಕ್ರಿಲಿಕ್ಕಾ, ಮೆದು ಸಿಲಿಕೋನಾ ಅಂತ. ಆಕ್ರಿಲಿಕ್ ತುಂಬಾ ಕಾಲ ಬಾಳುತ್ತದೆ, ಒರೆಸಲು ಸುಲಭ, ಎಲ್ಲಾದರೂ ಒತ್ತಿದರೆ ಉಜ್ಜಿ ಸರಿಮಾಡಬಹುದು. ಸಿಲಿಕೋನ್ ಹಾಗೆ ಉಜ್ಜಲು ಬರುವುದಿಲ್ಲ, ಎಳೆದಾಡಿದರೆ ಹರಿಯುತ್ತದೆ. ಆದರೂ ಪ್ರಯಾಣಕ್ಕೆ ಸಿಲಿಕೋನೇ ಸರಿ ಅಂತ ನನ್ನ ಅಭಿಪ್ರಾಯ. ಸ್ಲೀಪರ್ ಬಸ್ಸಿನಲ್ಲಿ ಪಕ್ಕಕ್ಕೆ ತಿರುಗಿ ಮಲಗುವವರಿಗೆ ಗಟ್ಟಿ ಪ್ಲಾಸ್ಟಿಕ್ ಕಿವಿಯಲ್ಲಿಟ್ಟು ನಿದ್ದೆ ಬರುತ್ತದಾ ಮಾರಾಯ್ರೆ?

ಇಯರ್‌ಫೋನನ್ನೂ ಇದೇ ಲೆಕ್ಕದಲ್ಲಿ ಆರಿಸಿ. ಸಣ್ಣದಿರಬೇಕು, ಕಿವಿಯ ಬಟ್ಟಲಿನೊಳಗೆ ಕೂರಬೇಕು, ವೈರ್ ಬಿಚ್ಚಿ ಬದಲಾಯಿಸುವ ಹಾಗಿರಬೇಕು, ಕಿವಿಯ ಮೇಲಿಂದ ಸುತ್ತಿ ಬರುವಂಥ ವೈರ್ ಆದರೆ ನಡೆಯುವಾಗ ಉಜ್ಜುವ ಸದ್ದೂ ಕಡಿಮೆ. ಶ್ಯೂರ್‌ನ ಎಸ್‌ಇ 215 ಈ ಜಾತಿಯ ಹಳೆಯ, ನಂಬಬಹುದಾದ ಮಾಡೆಲ್, ಆದರೆ ಅದೊಂದೇ ಹತ್ತು ಸಾವಿರದ ಹತ್ತಿರ ಹೋಗುತ್ತದೆ. ಅದರ ಅರ್ಧ ಬೆಲೆಯೊಳಗೂ ಚೀನಾ ಕಂಪನಿಗಳ ಒಳ್ಳೆಯ ಇಯರ್‌ಫೋನ್ ಸಿಗುತ್ತವೆ, ನನ್ನದು ಅಂಥದ್ದೇ. ಮೋಲ್ಡ್‌ನ ತೂತು ತೀರಾ ಸಣ್ಣ ಮಾಡಬೇಡಿ ಅಂತ ಹೇಳಿ. ಉದ್ದದ ಸಪೂರ ತೂತಿನಲ್ಲಿ ತಾಳ, ಪಿಟೀಲಿನಂಥ ತೆಳು ಸ್ವರ ಮಂಕಾಗುತ್ತದೆ. ಫೋನಿನಲ್ಲಿ ಇಯರ್‌ಫೋನ್ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ (ಚಾರ್ಜರ್ ಹಾಕುವ ಜಾಗಕ್ಕೆ ಸಿಕ್ಕಿಸಿ ಇಯರ್‌ಫೋನ್ ವೈರ್ ಜೋಡಿಸುವ ತುಂಡು) ಬೇಕು, ಅದಕ್ಕೂ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ.

ಈಗ ದಾರಿಯ ಅನುಭವ. ಬಸ್ಸಿನ ಇಂಜಿನ್ ಗುಡುಗುಡು ಇದರಲ್ಲಿ ಪೂರ್ತಿ ಹೋಗುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. ಒಂದೇ ಸಮ ಬರುವ ತಗ್ಗು ಸದ್ದನ್ನು ಕಡಿಮೆ ಮಾಡುವುದರಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಬಡ್‌ಗಳೇ ಮುಂದೆ. ಆದರೆ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್, ಹಿಂದಿನ ಸೀಟಿನ ರೀಲ್ಸ್, ಮಗುವಿನ ಅಳು, ಇಂಥ ಚೂಪು ಸದ್ದಿಗೆ ಮೋಲ್ಡ್‌ನ ತಡೆ ಬಹಳ ಗಟ್ಟಿ. ಮತ್ತೆ ಚಾರ್ಜ್ ಮುಗಿಯುವ ಚಿಂತೆ ಇಲ್ಲ. ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗುವಾಗ ಅದು ದೊಡ್ಡ ವಿಷಯ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯುವುದು. ಕೊಂಕಣ ರೈಲು ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ. ರತ್ನಗಿರಿ ಹತ್ತಿರದ ಕರ್ಬುಡೆ ಒಂದೇ ಆರೂವರೆ ಕಿಲೋಮೀಟರ್ ಉದ್ದ. ಕಿಟಕಿ ತೆರೆದ ಸ್ಲೀಪರ್ ಬೋಗಿಯಲ್ಲಿ ಸುರಂಗ ಬಂತೆಂದರೆ ಗದ್ದಲ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಮೊದಲೆಲ್ಲ ಕೇಳುತ್ತಿದ್ದ ಮಾತು ಅಲ್ಲಿ ಪೂರ್ತಿ ಮುಳುಗಿಹೋಗುತ್ತಿತ್ತು. ಈಗ ತಾಳಮದ್ದಳೆಯ ಹಳೇ ರೆಕಾರ್ಡಿಂಗ್ ಹಾಕಿ ಕೂತರೆ ಸುರಂಗದೊಳಗೂ ಅರ್ಥಧಾರಿಯ ಮಾತು ತಪ್ಪುವುದಿಲ್ಲ. ನನಗೆ ಇದರಿಂದ ಆದ ಸಂತೋಷ ಸಣ್ಣದಲ್ಲ.

ಒಂದು ಎಚ್ಚರ ಹೇಳಲೇಬೇಕು. ಇಷ್ಟು ಬಿಗಿಯಾಗಿ ಮುಚ್ಚಿದಾಗ ಹೊರಗಿನ ಗಾಳಿಯ ಒತ್ತಡ ಬದಲಾದರೆ ಕಿವಿಗೆ ಕಷ್ಟ. ಬಜ್ಪೆಯಲ್ಲಿ ವಿಮಾನ ಇಳಿಯಲು ಶುರುಮಾಡಿದಾಗ ಎರಡನ್ನೂ ತೆಗೆದು ಜೇಬಿಗೆ ಹಾಕಿಬಿಡಿ. ಶಿರಾಡಿ ಘಾಟಿಯಲ್ಲೂ ಅಷ್ಟೇ, ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರ, ಏರುವಾಗ ಇಳಿಯುವಾಗ ಒಮ್ಮೆ ಮೋಲ್ಡ್ ಸಡಿಲಿಸಿ ಉಗುಳು ನುಂಗಿದರೆ ಸರಿಯಾಗುತ್ತದೆ. ಶೀತ ಆಗಿದ್ದರೆ ಆ ದಿನ ಹಾಕುವುದೇ ಬೇಡ. ನಡೆಯುವಾಗಂತೂ ಬೇಡವೇ ಬೇಡ. ಪಂಪ್‌ವೆಲ್‌ನಲ್ಲಿ ರಸ್ತೆ ದಾಟುವಾಗ ಹಿಂದಿನಿಂದ ಬಸ್ಸು ಬಂದರೂ ಕೇಳುವುದಿಲ್ಲ. ಊಟಕ್ಕೆ ನಿಲ್ಲಿಸಿದ್ದನ್ನು ಬಸ್ಸಿನವರು ಕೂಗಿ ಹೇಳಿದರೂ ಕೇಳುವುದಿಲ್ಲ, ಪಕ್ಕದವರಿಗೆ ತಟ್ಟಲು ಹೇಳಿಡುವುದು ಒಳ್ಳೆಯದು.

ನಮ್ಮ ಊರಿನ ಹವೆಗೆ ಇದನ್ನು ನೋಡಿಕೊಳ್ಳುವ ಕ್ರಮವೂ ಬೇರೆ. ಸೆಕೆ, ಬೆವರು, ಮಳೆಯ ತೇವ. ಇಂಥ ಕಡೆ ಕಿವಿಯಲ್ಲಿ ಫಂಗಸ್ ಬರುವುದು ಮೊದಲೇ ಜಾಸ್ತಿ, ಅದರ ಮೇಲೆ ಗಾಳಿ ಆಡದ ಹಾಗೆ ಗಂಟೆಗಟ್ಟಲೆ ಮುಚ್ಚಿಟ್ಟರೆ ಕರೆದು ಕೂರಿಸಿದ ಹಾಗೆ. ಎರಡು ಮೂರು ಗಂಟೆಗೊಮ್ಮೆ ತೆಗೆದು ಕಿವಿಗೆ ಗಾಳಿ ತಾಗಲು ಬಿಡಿ. ಸ್ನಾನ ಆದ ಕೂಡಲೇ ಹಾಕಬೇಡಿ. ಪ್ರಯಾಣ ಮುಗಿದ ಮೇಲೆ ಮೋಲ್ಡ್ ಬಿಚ್ಚಿ ಉಗುರು ಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪಿನಲ್ಲಿ ತೊಳೆದು, ತೂತಿನ ನೀರು ಊದಿ ತೆಗೆದು, ರಾತ್ರಿಯಿಡೀ ಒಣಗಿಸಿ. ಇಯರ್‌ಫೋನಿಗೆ ಮಾತ್ರ ನೀರು ತಾಗಬಾರದು. ಹಿಯರಿಂಗ್ ಏಡ್ ಒಣಗಿಸಲು ಸಿಲಿಕಾ ಜೆಲ್ ಇರುವ ಪುಟ್ಟ ಡಬ್ಬಿ ಕ್ಲಿನಿಕ್‌ನಲ್ಲೇ ಸಿಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೇ ಇಡಿ. ತುರಿಕೆ, ನೀರು ಸೋರುವುದು ಕಂಡರೆ ಬಳಕೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನನಗೆ ಮೋಲ್ಡ್ ಜೋಡಿಗೆ ಮೂರು ಸಾವಿರದೊಳಗೆ ಆಯಿತು, ಇಯರ್‌ಫೋನ್, ಡಾಂಗಲ್ ಸೇರಿ ಹತ್ತು ಸಾವಿರ ದಾಟಲಿಲ್ಲ. ದರ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬೇರೆ, ವಿಚಾರಿಸಿಯೇ ಹೋಗಿ. ಆದರೆ ಅದಕ್ಕೂ ಮೊದಲು ಕೆಲವು ನೂರು ರೂಪಾಯಿಯ ಫೋಮ್ ತುದಿ ತಂದು, ಹಿಸುಕಿ ಆಳಕ್ಕೆ ಹಾಕಿ ಒಂದು ಪ್ರಯಾಣ ಮಾಡಿ ನೋಡಿ. ಅದೇ ನಿಮ್ಮ ಕಿವಿಗೆ ಚೆನ್ನಾಗಿ ಕೂತರೆ ಮೋಲ್ಡ್‌ನ ಖರ್ಚು ನಿಮಗೆ ಬೇಡ, ಕೆಲವು ತಿಂಗಳಿಗೊಮ್ಮೆ ಫೋಮ್ ಬದಲಾಯಿಸಿದರೆ ಸಾಕು. ಎರಡು ಕಿವಿ ಎರಡು ಅಳತೆ ಇರುವವರು, ಯಾವ ರಬ್ಬರ್ ಹಾಕಿದರೂ ಜಾರುವವರು, ಹಾಕಿದ ಒಂದು ಗಂಟೆಯಲ್ಲಿ ಕಿವಿ ನೋಯುವವರು ಇದ್ದರೆ ಮಾತ್ರ ಧೈರ್ಯವಾಗಿ ಅಚ್ಚು ತೆಗೆಸಿ. ತೆಗೆಸುವಾಗ ಬಲಕ್ಕೆ ಕೆಂಪು, ಎಡಕ್ಕೆ ನೀಲಿ ಗುರುತು ಹಾಕಿಸಿಕೊಳ್ಳಿ, ಬಸ್ಸಿನ ಕತ್ತಲಲ್ಲಿ ಮೊಬೈಲ್ ಬೆಳಕಿಗೆ ಗೊತ್ತಾಗುತ್ತದೆ. ಸರಿಯಾಗದಿದ್ದರೆ ಎಷ್ಟು ದಿನದೊಳಗೆ ಪುಕ್ಕಟೆ ಮಾಡಿಕೊಡುತ್ತೀರಿ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.