ನಾಯಿಮರಿ ನೋಡಲು ಹೋದ ಪೆಟ್ ಶಾಪ್: 5ಕ್ಕೆ 2 ಸ್ಟಾರ್

ಅಂಗಡಿಯ ಹೆಸರು ಬರೆಯುವುದಿಲ್ಲ. ಆದರೆ ನಮ್ಮ ಕಾಸರಗೋಡಿನ ಕಡೆ ನಾಯಿ ತರಬೇಕು ಅಂತಿರುವವರಿಗೆ ಉಪಯೋಗ ಆಗಬಹುದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಹಗಲು ಅಪ್ಪ, ಅಮ್ಮ ಇಬ್ಬರೇ. ನಮ್ಮ ಹಳೆಯ ನಾಯಿ ಕರಿಯ ಸತ್ತ ಮೇಲೆ ರಾತ್ರಿ ಕಾಡುಹಂದಿ ಅಂಗಳದವರೆಗೆ ಬಂದರೂ ಗೊತ್ತಾಗುವುದಿಲ್ಲ. ಮಗಳಿಗೆ ಲ್ಯಾಬ್ರಡಾರ್ ಬೇಕು, ನನಗೆ ಮುಧೋಳ ತಳಿಯ ನಾಯಿಯ ಮೇಲೆ ಆಸೆ.

ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಬಜೆಟ್ ಎಷ್ಟು ಅಂತ. ಮನೆ ಎಂಥದ್ದು, ನೋಡಿಕೊಳ್ಳುವವರು ಯಾರು, ಏನೂ ಕೇಳಲಿಲ್ಲ. ಮೊದಲು ತೋರಿಸಿದ್ದು ಹಸ್ಕಿ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿ ಅದು, ಮೈಮೇಲೆ ಎರಡು ಪದರ ಕೂದಲು. ನಮ್ಮ ಏಪ್ರಿಲ್ ಸೆಕೆಗೆ ಏನು ಮಾಡುವುದು ಅಂದರೆ "ಮಧ್ಯಾಹ್ನ ಎಸಿ ಹಾಕಿದರೆ ಸಾಕು" ಅಂದರು.

ಆಮೇಲೆ ಲ್ಯಾಬ್ ಮರಿ. ಮಗಳು ಎತ್ತಿಕೊಂಡಳು. ಕೈಕಾಲು ಸಪೂರ, ಹೊಟ್ಟೆ ಮಾತ್ರ ಚೆಂಡಿನ ಹಾಗೆ ಬಿಗಿದಿತ್ತು, ಜಂತುಹುಳ ಇದ್ದರೆ ಹಾಗಾಗುತ್ತದೆ. ಕಣ್ಣಿನ ಮೂಲೆಯಲ್ಲಿ ಹಳದಿ ಗೀಜು. ಟೈಲ್ಸ್ ಮೇಲೆ ಬಿಟ್ಟರೆ ಹಿಂದಿನ ಕಾಲೆರಡೂ ಜಾರುತ್ತಿದ್ದವು. ಎಷ್ಟು ದಿನದ ಮರಿ ಅಂದರೆ 40 ದಿನ. ನಾಯಿ ಸಾಕಣೆ, ಮಾರಾಟದ ಬಗ್ಗೆ ಇರುವ 2017ರ ಕೇಂದ್ರ ಸರಕಾರದ ನಿಯಮದ ಪ್ರಕಾರ 8 ವಾರ ಆಗದ ಮರಿಯನ್ನು ಮಾರುವ ಹಾಗೇ ಇಲ್ಲ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್ ಇತ್ತು, ಡಾಕ್ಟರ ಸಹಿ ಇರಲಿಲ್ಲ. ತಾಯಿ ಎಲ್ಲಿದೆ ಅಂದರೆ ಬೆಂಗಳೂರಿನಲ್ಲಿ. ತಾಯಿಯನ್ನು ನೋಡದೆ ಮರಿಯ ಸ್ವಭಾವ ಹೇಗೆ ಗೊತ್ತಾಗಬೇಕು? ಮಗಳನ್ನು ಅಲ್ಲಿಂದ ಹೊರಡಿಸುವಷ್ಟರಲ್ಲಿ ನನಗೂ ಸಂಕಟ ಆಯಿತು.

ಮರುದಿನ ದನಕ್ಕೆ ಮದ್ದು ತರಲು ಸರಕಾರಿ ಮೃಗಾಸ್ಪತ್ರೆಗೆ ಹೋದಾಗ ಡಾಕ್ಟ್ರ ಹತ್ತಿರ ಹೇಳಿದೆ. ಅವರು ಮೊದಲು ಕೇಳಿದ್ದು "ಸಂಕಲೆ ಹಿಡಿಯುವವರು ಯಾರು?" ಅಂತ. ಅಪ್ಪ. ಅಪ್ಪನಿಗೆ 74, ಮೊಣಕಾಲು ನೋವು. ಲ್ಯಾಬ್ ಬೆಳೆದರೆ 30 ಕಿಲೋ ಆಗುತ್ತದೆ, ಆಟಿ ತಿಂಗಳ ಮಳೆಗೆ ಪಾಚಿ ಹಿಡಿದ ಅಂಗಳದಲ್ಲಿ ಅದು ಒಂದು ಸಲ ಎಳೆದರೆ ಸಾಕು. ತಿನ್ನುವುದೂ ಜಾಸ್ತಿ, ಹಲಸಿನ ಮರದಡಿ ಬಿದ್ದದ್ದನ್ನೆಲ್ಲ ತಿಂದು ದಪ್ಪಗಾದರೆ ಸೊಂಟದ ಕೀಲಿಗೆ ಕಷ್ಟ. ಜೋತುಬಿದ್ದ ಕಿವಿಯೊಳಗೆ ಮಳೆಗಾಲದ ತೇವ ಬೇಗ ಆರುವುದಿಲ್ಲ. ಪಮೇರಿಯನ್ ಆದರೆ ಕೂದಲಿನೊಳಗೆ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ, ಹುಡುಕುವುದೇ ಕೆಲಸ. ಉಣುಗು ಕಚ್ಚಿ ರಕ್ತಕ್ಕೆ ಸೋಂಕು ತಗಲಿದರೆ ನಾಯಿ ಉಳಿಯುವುದೇ ಕಷ್ಟ, ನಮ್ಮ ಕರಿಯ ಹೋದದ್ದೂ ಹಾಗೆಯೇ.

ಮುಧೋಳಕ್ಕೆ ಗಿಡ್ಡ ಕೂದಲು, ಸೆಕೆ ತಡೆಯುತ್ತದೆ. ಬಾಗಲಕೋಟೆ ಕಡೆಯ ನಾಯಿ, 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದಿತ್ತು. ಆದರೆ ಅದು ಓಡಬೇಕು, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಬೇಕು. ನಮ್ಮ ತೋಟಕ್ಕೆ ಕಂಪೌಂಡ್ ಇಲ್ಲ, ಆಚೆ ಮನೆಯಲ್ಲಿ ಕೋಳಿ, ಆಡು. ಅಂಥ ನಾಯಿಯನ್ನು ದಿನವಿಡೀ ಕಟ್ಟಿ ಹಾಕುವುದಾದರೆ ಬೇಡ ಅನಿಸಿತು.

ಕೊನೆಗೆ ನೀರ್ಚಾಲಿನ ಒಂದು ಮನೆಯಿಂದ ಕಾಟು ಮರಿ, ಅಂದರೆ ನಾಟಿ ನಾಯಿಯ ಮರಿ, ತಂದೆವು. ಕಂದು ಬಣ್ಣದ್ದು, ಎರಡು ತಿಂಗಳು ತುಂಬಿತ್ತು. ಹೆಣ್ಣು ಮರಿ ಅಂತ ನೋಡಲು ಬಂದವರೆಲ್ಲ ಅದನ್ನು ಬಿಟ್ಟು ಹೋಗಿದ್ದರಂತೆ. ಮರಿ ಹಾಕದ ಹಾಗೆ ಸಮಯಕ್ಕೆ ಸರಿಯಾಗಿ ಆಪರೇಷನ್ ಮಾಡಿಸಿದರೆ ಆಯಿತು, ಅಲ್ವಾ? ತಾಯಿ ದನದ ಹಟ್ಟಿಯ ಬದಿಯಲ್ಲಿ ಮಲಗಿತ್ತು. ನಮ್ಮನ್ನು ಕಂಡು ಎದ್ದು ಎರಡು ಸಲ ಬೊಗಳಿತು, ಮನೆಯವರು ಸುಮ್ಮನಿರು ಅಂದ ಕೂಡಲೇ ಬಂದು ಅಪ್ಪನ ಕೈ ಮೂಸಿತು. ಅಷ್ಟು ನೋಡಿಯೇ ಅಪ್ಪ "ಇದರ ಮರಿ ಸಾಕು" ಅಂದರು. ಮರಿ ಈಗ ಜಗಲಿಯಲ್ಲಿ ಅಡಿಕೆ ಹಾಳೆಯ ಮೇಲೆ ಮಲಗುತ್ತದೆ, ಹಾಳೆಯ ಅಂಚು ಕಚ್ಚಿ ನಾರು ನಾರು ಮಾಡಿದೆ. ಮೊದಲ ಇಂಜೆಕ್ಷನ್ ಆಯಿತು, 3 ವಾರ ಬಿಟ್ಟು ಇನ್ನೊಂದು, 3 ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಂಚಾಯತಿನ ಲೈಸೆನ್ಸ್.

ಅಂಗಡಿಗೆ 2 ಸ್ಟಾರ್ ಕೊಟ್ಟದ್ದು ಅಲ್ಲಿನ ಕೆಲಸದ ಹುಡುಗನಿಗಾಗಿ. ಮರಿ ಮುಟ್ಟುವ ಮೊದಲು ನಮಗೆ ಕೈ ತೊಳೆಯಲು ಹೇಳಿದ್ದು, ಎಲ್ಲ ಗೂಡಿಗೂ ನೀರು ಇಟ್ಟಿದ್ದು ಅವನೇ. ಮರಿ ಕೊಳ್ಳಲು ಅಲ್ಲಿಗೆ ಹೋಗಬೇಡಿ. ಬೆಲ್ಟ್, ಬ್ರಷ್, ಉಣುಗಿನ ಪೌಡರ್ ಒಳ್ಳೆಯದು ಸಿಗುತ್ತದೆ. ನಾನು ತಂದ ಕೆಂಪು ಬೆಲ್ಟ್ ಎರಡು ಸಲ ಒಗೆದರೂ ಬಣ್ಣ ಹೋಗಿಲ್ಲ.