ಚರ್ಚ್ ಸ್ಟ್ರೀಟಿನಲ್ಲಿ ಸಿಕ್ಕ ಸಚಿತ್ರ ಡಾನ್ ಕ್ವಿಕ್ಸೋಟ್

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಕೊಂಡ, ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೊರೆಯ ಚಿತ್ರಗಳುಳ್ಳ ‘ಡಾನ್ ಕ್ವಿಕ್ಸೋಟ್’ನ ಈ ಇಂಗ್ಲಿಷ್ ಮರುಮುದ್ರಣವನ್ನು ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರೆಲ್ಲರೂ ಒಮ್ಮೆ ನೋಡಲೇಬೇಕು. ಸ್ಪ್ಯಾನಿಷ್ ಲೇಖಕ ಸರ್ವಾಂಟಿಸ್ 1605 ಮತ್ತು 1615ರಲ್ಲಿ ಎರಡು ಭಾಗಗಳಾಗಿ ಹೊರತಂದ ಕಾದಂಬರಿಗೆ ಡೊರೆ ರಚಿಸಿದ ಚಿತ್ರಗಳು 1863ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದವು; ಅವುಗಳನ್ನು ಮರದ ಅಚ್ಚಿನಲ್ಲಿ ಕೊರೆದವರು ಎಲಿಯೊಡೋರ್ ಪಿಸಾನ್. ಆರಂಭದ ಚಿತ್ರದಲ್ಲಿ ವೀರಗಾಥೆಗಳನ್ನು ಓದಿ ಓದಿ ತಲೆಕೆಡಿಸಿಕೊಂಡ ಕಥಾನಾಯಕ ಕ್ವಿಕ್ಸೋಟ್ ಕುರ್ಚಿಯ ಮೇಲೆ ಕುಳಿತು ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದರಲ್ಲಿ ಕತ್ತಿ ಎತ್ತಿದ್ದಾನೆ; ಅವನು ಓದಿದ ಕಥೆಗಳ ವೀರರೂ ದೈತ್ಯರೂ ಕನ್ಯೆಯರೂ ಕೋಣೆಯ ತುಂಬ ಕಿಕ್ಕಿರಿದಿದ್ದಾರೆ. ಬಣ್ಣವೇ ಇಲ್ಲದೆ, ಕೇವಲ ಗೆರೆಗಳ ಸಾಂದ್ರತೆಯಿಂದ, ಒಬ್ಬ ಓದುಗನ ತಲೆಯೊಳಗಿನ ಗದ್ದಲವನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದೇ ನಾಯಕನನ್ನು ಫ್ರೆಂಚ್ ಕಲಾವಿದ ದೋಮಿಯೆ ತೈಲವರ್ಣದಲ್ಲಿ ಬಹುಮಟ್ಟಿಗೆ ಮುಖವೇ ಇಲ್ಲದ ಸವಾರನನ್ನಾಗಿ ಬಿಡಿಸಿದ. ಪಿಕಾಸೊ 1955ರಲ್ಲಿ ಕೆಲವೇ ಕಪ್ಪು ಗೀಟುಗಳಲ್ಲಿ ಅವನನ್ನೂ ಅವನ ಸೇವಕ ಸಾಂಚೊನನ್ನೂ ಮುಗಿಸಿದ. ಸ್ಪೇನಿನ ಕಲಾವಿದ ಡಾಲಿಯೂ ಈ ಕಾದಂಬರಿಗೆ ಚಿತ್ರ ಬರೆದಿದ್ದಾನೆ. ಆದರೂ ನನ್ನ ಒಲವು ಡೊರೆಯ ಕಡೆಗೇ.

ಮುದ್ರಣದ ಬಗ್ಗೆ ಮಾತ್ರ ಅಸಮಾಧಾನವಿದೆ: ರಾತ್ರಿಯ ದೃಶ್ಯಗಳಲ್ಲಿ ಸೂಕ್ಷ್ಮ ಗೆರೆಗಳು ಒಂದಕ್ಕೊಂದು ಕಲೆತು ಬರೀ ಮಸಿಯಾಗಿವೆ, ಕಾಗದವೂ ತೆಳು. ಅಂಗಡಿಯವರು ಅವಸರಪಡಿಸದೆ ಪುಟ ತಿರುವಿ ನೋಡಲು ಬಿಡುತ್ತಾರಾದ್ದರಿಂದ, ಆ ಪುಟಗಳನ್ನು ಪರಿಶೀಲಿಸಿಯೇ ಕೊಳ್ಳುವುದು ಒಳಿತು.